ರಿಸರ್ವ್‌ನಲ್ಲಿ ಕೂತಿದ್ದ ಮೇಷ್ಟ್ರು

ಯಲಹಂಕದಲ್ಲಿ ಏರ್ ಶೋ ನಡೆಯುವಾಗ ನಮ್ಮ ಮನೆ ತಾರಸಿಗೆ ಬೇಡಿಕೆ ಜಾಸ್ತಿ. ನಾವಿರುವುದು ಚಿಕ್ಕಬಳ್ಳಾಪುರದ ಪಕ್ಕದ ಹಳ್ಳಿಯಲ್ಲಿ. ಮೆಟ್ಟಿಲು ಹತ್ತಿ ನಿಂತರೆ ಎದುರಿಗೇ ನಂದಿ ಬೆಟ್ಟ. ಯಲಹಂಕದಿಂದ ಎದ್ದ ಫೈಟರ್ ವಿಮಾನಗಳು ಇತ್ತ ಕಡೆ ಬಂದು ತಿರುಗಿಕೊಂಡು ಹೋಗುತ್ತವೆ, ನಮಗೆ ಪಾಸಿಲ್ಲ, ಟಿಕೆಟ್ಟಿಲ್ಲ, ಹೆಬ್ಬಾಳದ ಟ್ರಾಫಿಕ್ಕೂ ಇಲ್ಲ. ಒಂದು ಚಾಪೆ, ಒಂದು ಮೊರ ಹುರಿದ ಕಡಲೆಕಾಯಿ, ಅಷ್ಟೇ ಖರ್ಚು. ಸಿಟ್ಟು ಬರುವುದು ಪಕ್ಕದ ಮನೆ ಅಜ್ಜಿಗೆ ಮಾತ್ರ. "ಹುಳ ನಾಲ್ಕನೇ ಜ್ವರಕ್ಕೆ ಕೂತವೆ, ಈ ಸದ್ದಿಗೆ ಏಳ್ತವೋ ಇಲ್ವೋ" ಅಂತ ರೇಷ್ಮೆ ಮನೆ ಬಾಗಿಲಲ್ಲಿ ನಿಂತು ಆಕಾಶಕ್ಕೆ ಬಯ್ಯುತ್ತಾರೆ. ಜ್ವರ ಅಂದರೆ ಕಾಯಿಲೆಯಲ್ಲ, ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ಅಲ್ಲಾಡದೆ ಕೂರುವುದು.

ಈ ಸಲ ನನ್ನ ತಂಗಿಯ ಮಗನೂ ಬಂದಿದ್ದ. ಏಳನೇ ಕ್ಲಾಸು. ಸುಖೋಯ್ ಯಾವುದು, ತೇಜಸ್ ಯಾವುದು ಅಂತ ಸದ್ದು ಕೇಳಿಯೇ ಹೇಳುತ್ತಾನೆ, ಅಥವಾ ಹೇಳಿದ ಹಾಗೆ ಮಾಡುತ್ತಾನೆ, ನನಗಂತೂ ಪರೀಕ್ಷೆ ಮಾಡಲು ಬರುವುದಿಲ್ಲ. ಅವನ ಫೋನಿನಲ್ಲಿ ವಿಮಾನದ ಆಟ ಒಂದಿದೆ. ಪ್ರತಿ ವಿಮಾನಕ್ಕೂ ಸ್ಪೀಡ್ ಇಷ್ಟು, ಗನ್ ಇಷ್ಟು ಅಂತ ಪಟ್ಟಿ. "ಸ್ಪೀಡ್ ಜಾಸ್ತಿ ಇರೋದೇ ಗೆಲ್ಲೋದು ಮಾಮ, ಕಮ್ಮಿ ಇರೋದನ್ನ ತಗೊಂಡ್ರೆ ವೇಸ್ಟು" ಅಂದ.

ನಾನು ಸುಮ್ನೆ ಇರಬಹುದಿತ್ತು. ಆದರೆ ಮೇಷ್ಟ್ರ ಬಾಯಿ ಕೇಳಬೇಕಲ್ಲ. ಅರ್ಧ ಸ್ಪೀಡಿನ ವಿಮಾನ ಇಟ್ಟುಕೊಂಡು ಡಬಲ್ ಸ್ಪೀಡಿನದನ್ನು ಹೊಡೆದವರು ಒಬ್ಬರಿದ್ದರು, ನಮ್ಮ ಕೊಡಗಿನವರೇ ಅಂದೆ. ಅಲ್ಲಿಂದ ಶುರುವಾಯಿತು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆ ಸೇರಿದರು. 1965ರ ಯುದ್ಧ ಬಂದಾಗ ಅವರ ಕೆಲಸ ಏನಾಗಿತ್ತು ಗೊತ್ತಾ? ಪಾಠ ಹೇಳುವುದು. ಹೊಸ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟ್ರು. ಯುದ್ಧ ಶುರುವಾದಾಗ ಇಂಥ ಮೇಷ್ಟ್ರುಗಳನ್ನು ಗಡಿಯ ಹತ್ತಿರದ ಸ್ಕ್ವಾಡ್ರನ್‌ಗಳಿಗೆ ಸೇರಿಸಿದರು. ದೇವಯ್ಯನವರಿಗೆ ಸಿಕ್ಕಿದ್ದು ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್, 'ಟೈಗರ್ಸ್' ಅಂತ ಅದರ ಹೆಸರು. ವಿಮಾನ ಫ್ರಾನ್ಸಿನಿಂದ ತಂದ ಮಿಸ್ಟೇರ್.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಬಿದ್ದು, ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನೇ ಸುಟ್ಟು ಹೋಗಿದ್ದವು. ಮರುದಿನ ನಸುಕಿನಲ್ಲೇ ಸರ್ಗೋಧಾಕ್ಕೆ ಹೋಗಬೇಕು ಅಂತ ತೀರ್ಮಾನವಾಯಿತು. ಸರ್ಗೋಧಾ ಅಂದರೆ ಪಾಕಿಸ್ತಾನದ ವಾಯುಪಡೆಯ ಹೃದಯ. ಆದಂಪುರದಿಂದ ನೇರ ದಾರಿಯಲ್ಲಿ ಸುಮಾರು 300 ಕಿಲೋಮೀಟರ್. ಹುಡುಗನಿಗೆ ಅರ್ಥವಾಗಲಿ ಅಂತ ಹೇಳಿದೆ, ನಮ್ಮೂರಿಂದ ಮಂಗಳೂರಿಗೆ ಹಕ್ಕಿ ಹಾರಿದರೆ ಎಷ್ಟು ದೂರವೋ ಹತ್ತಿರ ಹತ್ತಿರ ಅಷ್ಟು. ಅದೂ ಕತ್ತಲಲ್ಲಿ, ರೇಡಾರಿಗೆ ಸಿಗದ ಹಾಗೆ ನೆಲಕ್ಕೆ ಅಂಟಿಕೊಂಡು. ಹೋಗಿ, ಹೊಡೆದು, ವಾಪಸ್ ಬರುವುದಕ್ಕೆ ಮಿಸ್ಟೇರ್‌ನ ಟ್ಯಾಂಕಿನಲ್ಲಿ ಇಂಧನ ಅಷ್ಟಕ್ಕಷ್ಟೇ. ದಾರಿಯಲ್ಲಿ ನಿಂತು ಜಗಳ ಆಡುವಷ್ಟು ಇರಲಿಲ್ಲ. ಇದನ್ನು ನೆನಪಿಟ್ಟುಕೊ ಅಂತ ಅವನಿಗೆ ಎರಡು ಸಲ ಹೇಳಿದೆ.

ಹನ್ನೆರಡು ವಿಮಾನ ಹೋಗಬೇಕು. ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ಆ ಹನ್ನೆರಡರಲ್ಲಿ ದೇವಯ್ಯ ಇರಲಿಲ್ಲ. ಅವರು ಸ್ಟ್ಯಾಂಡ್‌ಬೈ. ಯಾವುದಾದರೂ ವಿಮಾನ ಕೈಕೊಟ್ಟರೆ ಇರಲಿ ಅಂತ ಎಕ್ಸ್‌ಟ್ರಾ ಇಟ್ಟುಕೊಂಡವರಲ್ಲಿ ಒಬ್ಬರು.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು. ನಾಚಿಕೆಯಾದರೂ ಹೇಳುತ್ತೇನೆ. ಚುನಾವಣೆ ಡ್ಯೂಟಿಗೆ ನಮ್ಮಂಥ ಮೇಷ್ಟ್ರುಗಳನ್ನು ಹಾಕುತ್ತಾರಲ್ಲ, ಕಳೆದ ಸಲ ನನ್ನ ಹೆಸರು ರಿಸರ್ವ್ ಪಟ್ಟಿಯಲ್ಲಿತ್ತು. ರಿಸರ್ವ್ ಅಂದರೆ ಮಸ್ಟರಿಂಗ್ ಆಗುವ ಜಾಗದಲ್ಲಿ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದು, ಮೈಕಿನಲ್ಲಿ ಯಾರದಾದರೂ ಹೆಸರು ಕೂಗಿ 'ಗೈರು' ಅಂದರೆ ಆ ಜಾಗಕ್ಕೆ ನಾವು ಹೋಗುವುದು. ನನ್ನ ಅಕ್ಕಪಕ್ಕ ಇಪ್ಪತ್ತು ಜನ ಇದ್ದೆವು. ಅಷ್ಟೂ ಜನರ ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ. ಒಬ್ಬರಂತೂ ಮೈಕ್ ಶುರುವಾದಾಗಲೆಲ್ಲ ಬಾತ್‌ರೂಮಿಗೆ ಹೋಗುತ್ತಿದ್ದರು. ನಾನು ಅಷ್ಟು ಚಾಲಾಕಿಯಲ್ಲ, ಮುಂದಿನ ಸಾಲಿನವರ ಬೆನ್ನ ಹಿಂದೆ ತಲೆ ತಗ್ಗಿಸಿ ಕೂತಿದ್ದೆ. ನಾಲ್ಕು ಗಂಟೆಗೆ 'ರಿಸರ್ವ್‌ನವರು ಹೋಗಬಹುದು' ಅಂದಾಗ ನಾವು ಓಡಿದ ಓಟ ನೋಡಬೇಕಿತ್ತು.

ನಮಗೆ ಕಾದಿದ್ದುದು ಒಂದು ರಾತ್ರಿಯ ನಿದ್ದೆಗೇಡು ಮತ್ತು ತಣ್ಣಗಾದ ಪುಳಿಯೋಗರೆ.

ಆದಂಪುರದ ರಿಸರ್ವ್‌ನಲ್ಲಿ ಕೂತಿದ್ದವರಿಗೆ ಕಾದಿದ್ದುದು ಸರ್ಗೋಧಾ. ಹನ್ನೆರಡರಲ್ಲಿ ಒಂದು ವಿಮಾನ ಕೈಕೊಟ್ಟಿತು. ದೇವಯ್ಯ ಎದ್ದು ಹಿಂದೆ ಸೇರಿಕೊಂಡರು. ಬೆಳಗಿನ ಐದೂವರೆಯ ಹೊತ್ತು, ಇನ್ನೂ ಬೆಳಕು ಹರಿದಿಲ್ಲ, ಮುಂದೆ ಹೋದವರನ್ನು ಹುಡುಕಿಕೊಂಡು ಹಿಂದೆ ಹೋಗಬೇಕು. 'ಕಾಣಿಸಲಿಲ್ಲ, ವಾಪಸ್ ಬಂದೆ' ಅಂದಿದ್ದರೆ ಯಾರೂ ಒಂದು ಮಾತು ಆಡುತ್ತಿರಲಿಲ್ಲ ಅಂತ ನನ್ನ ಲೆಕ್ಕ. ಈ ಲೆಕ್ಕ ಹಾಕುವುದರಲ್ಲಿ ನಾನು ಎಕ್ಸ್‌ಪರ್ಟು.

ದಾಳಿ ಆಯಿತು. ವಾಪಸ್ ಬರುವ ದಾರಿಯಲ್ಲಿ, ಎಲ್ಲರಿಗಿಂತ ಹಿಂದೆ ಇದ್ದ ದೇವಯ್ಯನವರ ಮಿಸ್ಟೇರ್ ಒಂದು ಸ್ಟಾರ್‌ಫೈಟರ್ ಕಣ್ಣಿಗೆ ಬಿತ್ತು. ಅದರಲ್ಲಿದ್ದವರು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್.

ಸ್ಟಾರ್‌ಫೈಟರ್ ಬಗ್ಗೆ ಹೇಳದಿದ್ದರೆ ಇದರ ಮಜಾ ತಿಳಿಯುವುದಿಲ್ಲ. ಅಮೆರಿಕ ಕೊಟ್ಟಿದ್ದ ಎಫ್-104. ಶಬ್ದದ ಎರಡರಷ್ಟು ವೇಗ, ಅಂದರೆ ಗಂಟೆಗೆ 2,000 ಕಿಲೋಮೀಟರಿಗೂ ಮೇಲೆ. ಮಿಸ್ಟೇರ್ ಎಷ್ಟೇ ತಿಣುಕಿದರೂ 1,100ರ ಆಸುಪಾಸು. ಸ್ಟಾರ್‌ಫೈಟರ್ ನೋಡಿದರೆ ವಿಮಾನ ಅನ್ನಿಸುವುದಿಲ್ಲ, ಸೀಮೆಸುಣ್ಣಕ್ಕೆ ಎರಡು ಬ್ಲೇಡು ಚುಚ್ಚಿದ ಹಾಗಿದೆ. ಬ್ಲೇಡು ಅಂದದ್ದು ಸುಮ್ನೆ ಅಲ್ಲ. ಅದರ ರೆಕ್ಕೆಯ ಅಂಚು ಎಷ್ಟು ತೆಳ್ಳಗಿತ್ತೆಂದರೆ, ನೆಲದ ಮೇಲೆ ನಿಂತಾಗ ಕೆಲಸದವರ ಮೈ ಕೊಯ್ಯದಿರಲಿ ಅಂತ ಅಂಚಿಗೆ ಕವರ್ ಹಾಕಿಡುತ್ತಿದ್ದರು. ಜೊತೆಗೆ ಶಾಖ ಹಿಂಬಾಲಿಸುವ ಸೈಡ್‌ವೈಂಡರ್ ಕ್ಷಿಪಣಿ. ನಮ್ಮ ಮಿಸ್ಟೇರಿಗೆ ಅಂಥ ಕ್ಷಿಪಣಿ ಇರಲಿಲ್ಲ, ಗಾಳಿಯಲ್ಲಿ ಎದುರಾಳಿಯನ್ನು ಹೊಡೆಯಬೇಕೆಂದರೆ ಎರಡು 30 ಎಂಎಂ ಫಿರಂಗಿಗಳೇ ಗತಿ.

ಅಮ್ಜದ್ ಮೊದಲು ಕ್ಷಿಪಣಿ ಬಿಟ್ಟರು. ಗುರಿ ತಪ್ಪಿತು. ಆಮೇಲೆ ಹತ್ತಿರ ಬಂದು ಗನ್ನಿನಿಂದ ಹೊಡೆದರು. ಅದು ತಾಗಿತು. ಇದರ ಕಥೆ ಮುಗಿಯಿತು ಅಂತ ಅಂದುಕೊಂಡು ಅವರು ಬೇರೆಯವರ ಕಡೆ ತಿರುಗಿದರು.

ಮುಗಿದಿರಲಿಲ್ಲ. ಏಟು ತಿಂದ ಮಿಸ್ಟೇರ್ ಇನ್ನೂ ಹಾರುತ್ತಿತ್ತು, ಮತ್ತು ಅದರೊಳಗಿದ್ದ ಮೇಷ್ಟ್ರು ಮೂತಿಯನ್ನು ಮನೆಯ ಕಡೆ ಇಡುವ ಬದಲು ಸ್ಟಾರ್‌ಫೈಟರ್ ಕಡೆಗೆ ತಿರುಗಿಸಿದರು.

"ಅರ್ಧ ಸ್ಪೀಡಿನದು ಹೆಂಗೆ ಹಿಡಿಯುತ್ತೆ?" ಅಂದ ಹುಡುಗ. ನ್ಯಾಯವಾದ ಪ್ರಶ್ನೆ. ಕೆಳಗೆ ದ್ರಾಕ್ಷಿ ತೋಟ ತೋರಿಸಿದೆ. ಕಲ್ಲುಕಂಬಗಳ ನಡುವೆ ಟಿವಿಎಸ್ ಎಕ್ಸ್‌ಎಲ್ ಓಡಿಸಿದರೆ ಎಲ್ಲಿ ಬೇಕಾದರೂ ತಿರುಗುತ್ತೆ. ಅದೇ ದೊಡ್ಡ ಬೈಕ್ ತಗೊಂಡು ಜೋರಾಗಿ ನುಗ್ಗಿದರೆ ತಿರುಗಿಸಲು ಇನ್ನೊಬ್ಬರ ತೋಟ ಬೇಕಾಗುತ್ತೆ. ಸ್ಪೀಡು ಎರಡರಷ್ಟಾದರೆ, ತಿರುಗುವಾಗ ಮೈಮೇಲೆ ಬೀಳುವ ಒತ್ತಡ ಅಷ್ಟೇ ಇರಬೇಕೆಂದರೆ ಸುತ್ತು ನಾಲ್ಕರಷ್ಟು ದೊಡ್ಡದಾಗಬೇಕು. ಸ್ಟಾರ್‌ಫೈಟರ್‌ನ ಗಿಡ್ಡ ರೆಕ್ಕೆ ನೆಟ್ಟಗೆ ಓಡಲಿಕ್ಕೆ ಹೇಳಿಮಾಡಿಸಿದ್ದು, ಸುತ್ತಿ ಕಾದಾಡಲಿಕ್ಕೆ ಅಲ್ಲ. ಅಮ್ಜದ್ ನೇರ ಓಡಿಬಿಟ್ಟಿದ್ದರೆ ಯಾವ ಮಿಸ್ಟೇರೂ ಅವರನ್ನು ಮುಟ್ಟುತ್ತಿರಲಿಲ್ಲ. ನಿಧಾನವಾಗಿ ತಿರುಗುವ ಆಟಕ್ಕೆ ಇಳಿದರು, ಅದು ದೇವಯ್ಯನವರ ಅಂಗಳ. ಮಿಸ್ಟೇರಿನ ಗುಂಡು ಸ್ಟಾರ್‌ಫೈಟರಿಗೆ ತಾಗಿತು. ಅಮ್ಜದ್ ಪ್ಯಾರಾಚೂಟಿನಲ್ಲಿ ಜಿಗಿದು ಬದುಕಿಕೊಂಡರು.

ದೇವಯ್ಯ ಬರಲಿಲ್ಲ.

ಆದಂಪುರದಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಅವರು ಹಿಂದೆ ತಿರುಗಿದ್ದನ್ನು ಕಂಡವರು ನಮ್ಮ ಕಡೆ ಒಬ್ಬರೂ ಇಲ್ಲ. ದಾಖಲೆಯಲ್ಲಿ ಬರೆದದ್ದು 'ಕಾಣೆಯಾಗಿದ್ದಾರೆ' ಅಂತ. ಅವರಿಗೆ ಇನ್ನೂ 33 ತುಂಬಿರಲಿಲ್ಲ. ಅಲ್ಲಿ, ಆ ಕಡೆ, ಹಳ್ಳಿಯ ಜನ ಅವರ ದೇಹವನ್ನು ಮಣ್ಣು ಮಾಡಿದ್ದರು. ಇಲ್ಲಿ ಮನೆಯವರಿಗೆ ಅದೊಂದು ಪದ ಮಾತ್ರ. ಕಾಣೆ. ಸತ್ತರು ಅಂದರೆ ತಿಥಿ ಮಾಡಬಹುದು, ಸೆರೆ ಸಿಕ್ಕರು ಅಂದರೆ ಕಾಯಬಹುದು. ಕಾಣೆ ಅಂದರೆ ಏನು ಮಾಡುವುದು ಹೇಳಿ.

ಕಥೆ ಹೊರಗೆ ಬಂದಿದ್ದು ಎದುರಾಳಿಯ ಕಡೆಯಿಂದ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1965ರ ಆಕಾಶ ಯುದ್ಧದ ಬಗ್ಗೆ ಒಂದು ಪುಸ್ತಕ ಬರೆದರು. ಪಾಕಿಸ್ತಾನದ ವಾಯುಪಡೆಯ ಕಡೆಯ ಮಾಹಿತಿ ಇಟ್ಟುಕೊಂಡು ಬರೆದಿದ್ದು. ಅದರಲ್ಲಿ ಆ ಸ್ಟಾರ್‌ಫೈಟರನ್ನು ಬೀಳಿಸಿದ್ದು ಒಂದು ಮಿಸ್ಟೇರ್ ಅಂತ ಇತ್ತು. ಆ ದಿನ ಆ ದಾಳಿಯಿಂದ ವಾಪಸ್ ಬರದಿದ್ದ ಮಿಸ್ಟೇರ್ ಒಂದೇ. ಲೆಕ್ಕ ಕೂಡಿಸಲು ಅಷ್ಟು ಸಾಕಾಯಿತು. ಅವತ್ತು ಮುಂದಾಳಾಗಿದ್ದ ತನೇಜಾ ಕೂಡ ಇದರ ಹಿಂದೆ ಬಿದ್ದರು. 1988ರಲ್ಲಿ, ಅಂದರೆ 23 ವರ್ಷ ಆದ ಮೇಲೆ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ತಗೊಂಡಿದ್ದು ಅವರ ಪತ್ನಿ.

ನನಗೆ ಇದರಲ್ಲಿ ಪದಕಕ್ಕಿಂತ ಆ ಸಾಕ್ಷಿಯೇ ದೊಡ್ಡದು ಅನ್ನಿಸುತ್ತದೆ. ಅವರೊಂದು ದಾಳಿಯಲ್ಲಿದ್ದರು ಅಂತ ಸ್ನೇಹಿತರು ಹೇಳಿದರು, ಅವರು ಕಾದಾಡಿದರು ಅಂತ ಹೇಳಿದ್ದು ವೈರಿಯ ಕಡೆಯ ಲೆಕ್ಕಪುಸ್ತಕ. ಪರಮವೀರ ಚಕ್ರ ಪಡೆದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ 1971ರಲ್ಲಿ ಶ್ರೀನಗರದ ಮೇಲೆ ನ್ಯಾಟ್ ವಿಮಾನದಲ್ಲಿ ಸೇಬರ್‌ಗಳ ನಡುವೆ ನುಗ್ಗಿದಾಗ ಅದು ನಮ್ಮದೇ ನೆಲೆಯ ಮೇಲೆ ನಡೆದಿತ್ತು. ದೇವಯ್ಯನವರ ಕಾದಾಟ ನಡೆದದ್ದು ಪಾಕಿಸ್ತಾನದ ಹೊಲಗಳ ಮೇಲೆ, ನೋಡಿದವರು ಅಲ್ಲಿಯ ಜನ.

ಇನ್ನೊಂದು ತಪ್ಪೊಪ್ಪಿಗೆ. ಮೂರು ವರ್ಷದ ಹಿಂದೆ ಮಕ್ಕಳನ್ನು ಕೊಡಗಿಗೆ ಟ್ರಿಪ್ ಕರೆದುಕೊಂಡು ಹೋಗಿದ್ದೆವು. ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ, ಅವರ ಪ್ರತಿಮೆ ಇದೆ. ಒಂದು ಹುಡುಗಿ "ಸಾರ್, ಇವರು ಯಾರು?" ಅಂದಳು. "ಮಿಲಿಟರಿಯವರಮ್ಮ, ಕೊಡಗಲ್ವಾ, ಇರ್ತಾರೆ, ಬಸ್ ಹತ್ತು ಬಸ್ ಹತ್ತು" ಅಂದಿದ್ದೆ. ಕಾರ್ಯಪ್ಪ, ತಿಮ್ಮಯ್ಯ ಬಿಟ್ಟರೆ ನನಗೆ ಆಗ ಮೂರನೇ ಹೆಸರು ಬರುತ್ತಿರಲಿಲ್ಲ. ಊರಿಗೆ ಬಂದು ಫೋಟೋ ನೋಡುವಾಗ ಹೆಸರು ಓದಿ, ಹುಡುಕಿ, ರಾತ್ರಿ ಒಂದು ಗಂಟೆವರೆಗೂ ಓದುತ್ತಾ ಕೂತಿದ್ದೆ. ಆ ಹುಡುಗಿ ಈಗ ಪಿಯುಸಿ. ಸಿಕ್ಕಾಗ ಹೇಳಬೇಕು.

ಮರುದಿನ ಸಂಜೆ ತಾರಸಿಗೆ ಹೋದರೆ ಹುಡುಗ ಫೋನ್ ಹಿಡಿದು ಕೂತಿದ್ದ. ವಿಮಾನ ಬರುತ್ತಿದ್ದರೂ ತಲೆ ಎತ್ತಲಿಲ್ಲ. ಆಟದಲ್ಲಿ ಎಲ್ಲಕ್ಕಿಂತ ನಿಧಾನದ ವಿಮಾನ ಆರಿಸಿಕೊಂಡು ಎಲ್ಲಕ್ಕಿಂತ ಜೋರಿನದರ ಮೇಲೆ ಬಿಟ್ಟಿದ್ದಾನೆ.

"ಮೂರು ಸಲ ಸತ್ತೆ ಮಾಮ. ನಾಲ್ಕನೇ ಸಲ ಹಿಂದೆ ಹೋಗಿ ಹಿಡಿದುಬಿಟ್ಟಿದ್ದೆ, ಅಷ್ಟರಲ್ಲಿ ಕೆಂಪು ಲೈಟು. ಫ್ಯೂಯೆಲ್ ಖಾಲಿ, ಬೇಸ್‌ಗೆ ವಾಪಸ್ ಹೋಗಿ ಅಂತ ಬರುತ್ತೆ."

"ಏನು ಮಾಡಿದೆ?"

ಅವನು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದ.

"ವಾಪಸ್ ಬಂದೆ" ಅಂದ.

ನಾನೂ ಅದನ್ನೇ ಮಾಡುತ್ತಿದ್ದೆ ಅಂದೆ. ಕೆಳಗಿನಿಂದ ಅಜ್ಜಿ ಕೂಗುತ್ತಿದ್ದರು, ಹುಳ ಜ್ವರದಿಂದ ಎದ್ದಿವೆ, ಸೊಪ್ಪು ಹಾಕಲು ಒಂದು ಕೈ ಬೇಕಂತೆ. ಇಬ್ಬರೂ ಇಳಿದು ಹೋದೆವು.