ಮುಳುಗದ ಕರಡಿ

ನಿನ್ನೆ ರಾತ್ರಿ ತಾರಸಿ ಮೇಲೆ ಸುಮ್ನೆ ಕೂತು ಸಪ್ತರ್ಷಿ ಮಂಡಲ ನೋಡುತ್ತಿದ್ದೆ. ಗ್ರೀಕ್ ಪುರಾಣದ ಕ್ಯಾಲಿಸ್ಟೋ ನೆನಪಾದಳು. ಗ್ರೀಕರಿಗೆ ಆ ಏಳು ನಕ್ಷತ್ರಗಳು ದೊಡ್ಡ ಕರಡಿಯ ಬೆನ್ನು ಮತ್ತು ಬಾಲ. ದೇವತೆಗಳ ರಾಜ ಜ್ಯೂಸ್ ಅವಳಿಗೆ ಮೋಸ ಮಾಡಿದ. ಶಿಕ್ಷೆ ಮಾತ್ರ ಅವಳಿಗೇ! ಜ್ಯೂಸ್‌ನ ಹೆಂಡತಿ ಹೇರಾ ಅವಳನ್ನು ಕರಡಿ ಮಾಡಿಬಿಟ್ಟಳು. ವರ್ಷಗಳಾದ ಮೇಲೆ ಮಗ ಆರ್ಕಾಸ್ ಬೇಟೆಗೆ ಬಂದ. ತಾಯಿ ಎಂದು ಗೊತ್ತಿಲ್ಲದೆ ಈಟಿ ಎತ್ತಿದ. ಆಗ ಜ್ಯೂಸ್ ಇಬ್ಬರನ್ನೂ ಆಕಾಶಕ್ಕೇರಿಸಿದ. ಹೇರಾಳ ಸಿಟ್ಟು ಇಳಿಯಲಿಲ್ಲ. ಕರಡಿ ಸಮುದ್ರದಲ್ಲಿ ಮೀಯಲೇಬಾರದು ಎಂದು ತಡೆ ಹಾಕಿಸಿದಳು. ಆಗಿನ ಗ್ರೀಸ್‌ನಲ್ಲಿ ಆ ನಕ್ಷತ್ರಗಳು ಮುಳುಗುತ್ತಲೇ ಇರಲಿಲ್ಲ, ಅದಕ್ಕೇ ಈ ಕಥೆ.

ನಾವು ಭೂಮಧ್ಯರೇಖೆಗೆ ಇನ್ನೂ ಹತ್ತಿರ ಅಲ್ವಾ, ನಮ್ಮಲ್ಲಿ ಅವು ಮುಳುಗುತ್ತವೆ. ಇದು ಗೊತ್ತಾದ ದಿನ ಯಾಕೋ ತುಂಬಾ ಸಮಾಧಾನವಾಗಿತ್ತು. ಕರ್ನಾಟಕದ ಆಕಾಶದಲ್ಲಿ ಕ್ಯಾಲಿಸ್ಟೋ ದಿನಾ ನೀರಿಗಿಳಿಯುತ್ತಾಳೆ.