ವೈನ್ ರೆಡ್ ಟು ಬ್ಲೂ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಫೋನ್ ಬಂದಾಗ ನಾನು ಲ್ಯಾಬಿನಲ್ಲಿ ಫ್ಲಾಸ್ಕ್ ತೊಳೆಯುತ್ತಿದ್ದೆ. ಪಿಎಚ್.ಡಿ. ಮುಗಿದು ಇಷ್ಟು ವರ್ಷವಾದರೂ ನನ್ನ ಕೆಲಸದಲ್ಲಿ ಅರ್ಧ ಗಾಜು ತೊಳೆಯುವುದೇ. "ನಿಮ್ಮ ಸಾಧನೆ ಬಗ್ಗೆ ಬರೀರಿ ಮೇಡಂ, ಮಕ್ಕಳಿಗೆ ಅನುಕೂಲ ಆಗ್ತದ" ಎಂದರು. ಪಾತ್ರೆ ತೊಳೆದ ಕಥೆ ಬರೆದರೆ ನಡೀತದಾ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಫೋನ್ ಕಟ್ಟಾಯಿತು. ಹಾಗಾಗಿ ಕೇಳದೆಯೇ ಬರೆಯುತ್ತಿದ್ದೇನೆ.

ನಾನು ಬಿ.ಎಸ್ಸಿ. ಸೇರಿದ್ದು 2006ರಲ್ಲಿ. ಆಗಿನ್ನೂ ಊರು ಬಿಜಾಪುರ. ವಿಜಯಪುರ ಆಗಿದ್ದು 2014ರ ನವೆಂಬರ್ 1ಕ್ಕೆ. ನಮ್ಮ ಮಾರ್ಕ್ಸ್ ಕಾರ್ಡ್ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬರುತ್ತಿತ್ತು. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾಗಿದ್ದು ನಾನು ಪಾಸಾದ ಮರುವರ್ಷ, 2010ರಲ್ಲಿ. ದಿನಾ ತಿಕೋಟಾ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕೂರಲು ಸೀಟು ಸಿಕ್ಕರೆ ಅವತ್ತು ಹಬ್ಬ.

ನಮ್ಮದು ದ್ರಾಕ್ಷಿ ತೋಟದ ಮನೆ. ಮೊದಲ ವರ್ಷ ಕೆಮಿಸ್ಟ್ರಿ ಸರ್ ಹಾಜರಿ ಕರೆಯುತ್ತಾ ಒಬ್ಬೊಬ್ಬರನ್ನೇ "ಅಪ್ಪ ಏನ್ ಮಾಡ್ತಾರ?" ಎಂದು ಕೇಳುತ್ತಿದ್ದರು. ನಾನು "ಮನೂಕಾ ಮಾಡ್ತೀವ್ರಿ ಸರ್" ಎಂದೆ. ಮನೂಕಾ ಅಂದರೆ ಒಣದ್ರಾಕ್ಷಿ. ಸರ್ ಅಲ್ಲಿಗೇ ಬಿಡಲಿಲ್ಲ. ಹೇಗೆ ಮಾಡ್ತೀರಿ, ಏನೇನು ಹಾಕ್ತೀರಿ ಎಂದು ಶುರು ಮಾಡಿದರು. ನನಗೆ ಗೊತ್ತಿದ್ದನ್ನು ಹೇಳಿದೆ. ಕೊಯ್ದ ದ್ರಾಕ್ಷಿಯನ್ನು ಕ್ರೇಟಿನ ಸಮೇತ ಡಿಪ್ಪಿಂಗ್ ನೀರಿನಲ್ಲಿ ಅದ್ದುತ್ತೇವೆ. ಲೀಟರ್ ನೀರಿಗೆ ಬಿಳಿ ಪುಡಿ 25 ಗ್ರಾಂ, ಡಿಪ್ಪಿಂಗ್ ಆಯಿಲ್ 15 ಮಿಲಿ. ಆಮೇಲೆ ಶೆಡ್ಡಿನ ಜಾಳಿಗೆಯ ಮೇಲೆ ಹರವುತ್ತೇವೆ. ಹದಿನೈದು ದಿನದಲ್ಲಿ ಒಣಗುತ್ತದೆ. ಸುಮ್ನೆ ಹಾಗೇ ಒಣಹಾಕಿದರೆ ತಿಂಗಳಾದರೂ ಮುಗಿಯುವುದಿಲ್ಲ.

"ಯಾಕ?" ಎಂದರು ಸರ್.

ಅದು ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ತಾಸಗಾಂವ ಮಾರ್ಕೆಟ್ಟಿನಲ್ಲಿ ಯಾವ ಬಣ್ಣದ ಮಾಲಿಗೆ ಎಷ್ಟು ರೇಟು ಅನ್ನುವುದು. ಸರ್ ಹಲಗೆಯ ಮೇಲೆ ಒಂದು ದ್ರಾಕ್ಷಿ ಬರೆದರು. ಅದರ ಸಿಪ್ಪೆಯ ಮೇಲೆ ಮೇಣದ ಪದರ. ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಕೂತ ಸಣ್ಣ ಸಣ್ಣ ಚೂರುಗಳು. ಒಳಗಿನ ನೀರು ಹೊರಗೆ ಬರದಂತೆ ತಡೆಯುವುದು ಅದೇ. ಬಿಳಿ ಪುಡಿ ಅಂದರೆ ಪೊಟ್ಯಾಸಿಯಂ ಕಾರ್ಬೊನೇಟ್, ಆಯಿಲ್ಲಿನಲ್ಲಿ ಇರುವುದು ಈಥೈಲ್ ಓಲಿಯೇಟ್. ಇವೆರಡೂ ಸೇರಿ ಆ ಹೆಂಚುಗಳನ್ನು ಸಡಿಲ ಮಾಡುತ್ತವೆ. ನೀರಿಗೆ ದಾರಿ ಸಿಗುತ್ತದೆ. "ನಿಮ್ಮಪ್ಪ ವರ್ಷಾ ಸರ್ಫೇಸ್ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡ್ತಾರವಾ" ಎಂದರು. ಕ್ಲಾಸು ನಕ್ಕಿತು. ನಾನು ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ನಗಲಿಲ್ಲ. ಮರುದಿನ ಡಿಪ್ಪಿಂಗ್ ನೀರು ಕಲಸುವಾಗ ತಕ್ಕಡಿ ತರಿಸಿ ಪುಡಿ ತೂಗಿದರು. ಅಲ್ಲಿಯವರೆಗೆ ಬೊಗಸೆಯ ಲೆಕ್ಕ.

ಇಷ್ಟು ಸರ್ ಬಗ್ಗೆ. ಆದರೆ ನನ್ನ ಕೈಗೆ ಕೆಲಸ ಕಲಿಸಿದವರು ಲ್ಯಾಬಿನ ಅಟೆಂಡರ್ ಕಾಕಾ.

ಹಳೆಯ ವಿದ್ಯಾರ್ಥಿಗಳಿಗೆಲ್ಲ ಕಾಕಾ ನೆನಪಿದ್ದೇ ಇರುತ್ತಾರೆ. ಖಾಕಿ ಅಂಗಿ, ಹೆಗಲ ಮೇಲೆ ಒಂದು ಟವೆಲ್. ಸಿಂಕಿನ ಪಕ್ಕ ನಿಂತು ಪಿಪೆಟ್ಟು ತಲೆಕೆಳಗೆ ಮಾಡಿ ಬೆಳಕಿಗೆ ಹಿಡಿಯುತ್ತಿದ್ದರು. ನೀರು ಒಂದೇ ಹಾಳೆಯಂತೆ ಇಳಿದರೆ ಸರಿ. ಒಳಗೆ ಎಲ್ಲಿಯಾದರೂ ಹನಿ ನಿಂತರೆ ಜಿಡ್ಡು ಉಳಿದಿದೆ ಅಂತ ಅರ್ಥ. "ಹನಿ ನಿಂತ್ರ ಹೊಲಸು ಐತಿ ಅಂತ ತಿಳಿ ತಂಗಿ. ಮತ್ತೊಮ್ಮೆ ತೊಳಿ." ಇನ್ನೊಂದು ಮಾತು ನೂರು ಸಲ ಕೇಳಿದ್ದೇನೆ: "ನಳದ ನೀರಾಗ ತೊಳದ್ರ ತೊಳದಂಗಲ್ಲ. ಕಡೀಕ ಡಿಸ್ಟಿಲ್ಡ್ ವಾಟರ್, ಮೂರು ಸಲ."

ಮೂರು ಸಲ ಅಂದರೂ ಧಾರಾಳ ಇರಲಿಲ್ಲ. ಆಗ ಕರೆಂಟು ಹೋಗುವುದೇ ಜಾಸ್ತಿ. ಡಿಸ್ಟಿಲ್ಡ್ ವಾಟರ್ ಮಾಡುವ ಯಂತ್ರ ದಿನಕ್ಕೆ ಒಂದೆರಡು ಕ್ಯಾನ್ ತುಂಬಿದರೆ ದೊಡ್ಡದು. ನಾನು ಒಂದೇ ಸಲ ಬುಳಬುಳ ಸುರಿದರೆ ಕಾಕಾ ಬಂದು ಬಾಟಲಿ ಕಸಿದುಕೊಳ್ಳುತ್ತಿದ್ದರು. ಇವರದ್ದು ಜಿಪುಣತನ ಅಂತ ನಾವು ಆಡಿಕೊಳ್ಳುತ್ತಿದ್ದೆವು. ಒಮ್ಮೆ ಸರ್ ಲೆಕ್ಕ ಮಾಡಿ ತೋರಿಸಿದರು. ಪಾತ್ರೆಯ ತಳದಲ್ಲಿ ಪ್ರತಿ ಸಲ 1 ಮಿಲಿ ಉಳಿಯುತ್ತದೆ ಅಂದುಕೊಳ್ಳಿ. 30 ಮಿಲಿ ಒಂದೇ ಸಲ ಹಾಕಿ ಚೆಲ್ಲಿದರೆ ಹಳೆಯ ಉಪ್ಪು 31ರಲ್ಲಿ 1 ಪಾಲು ಉಳಿಯುತ್ತದೆ. ಅದೇ 30 ಮಿಲಿಯನ್ನು 10-10-10 ಮಾಡಿ ಹಾಕಿದರೆ 1,331ರಲ್ಲಿ 1 ಪಾಲು. ಕಾಕಾ ಏಳನೇ ಕ್ಲಾಸು ಓದಿದವರು. ಈ ಲೆಕ್ಕ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೇ ವರ್ಷ ನೀರಿನ ಗಡಸುತನ ಅಳೆಯುವ ಪ್ರಾಕ್ಟಿಕಲ್. ಮನೆಯಿಂದ ಒಂದೊಂದು ಬಾಟಲಿ ನೀರು ತನ್ನಿ ಎಂದರು ಸರ್. ಒಬ್ಬ ತಾಜ್ ಬಾವಡಿಯ ನೀರು ತಂದ. ನಾನು ನಮ್ಮ ಬೋರಿನದು. ಕೋನಿಕಲ್ ಫ್ಲಾಸ್ಕಿಗೆ ನೀರು, ಮೂಗಿಗೆ ಹೊಡೆಯುವ ಅಮೋನಿಯಾ ಬಫರ್, ಆಮೇಲೆ ಗಡಸುತನಕ್ಕೆ ಬಣ್ಣ ತೋರಿಸುವ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎರಡು ಹನಿ. ನೀರು ಕೆಂಪಾಗುತ್ತದೆ. ಬ್ಯೂರೆಟ್ಟಿನಿಂದ ಆ ಗಡಸುತನವನ್ನು ಕಟ್ಟಿಹಾಕುವ ಇಡಿಟಿಎ ಬಿಡುತ್ತಾ ಹೋದರೆ ಒಂದು ಹನಿಗೆ ಪೂರ್ತಿ ನೀಲಿ. ರೆಕಾರ್ಡಿನಲ್ಲಿ ಎಲ್ಲರೂ ಬರೆಯುವುದು ಒಂದೇ: ವೈನ್ ರೆಡ್ ಟು ಬ್ಲೂ. ನಮ್ಮಲ್ಲಿ ಯಾರೂ ವೈನ್ ಕಂಡವರಲ್ಲ. ಜಿಲ್ಲೆ ತುಂಬ ದ್ರಾಕ್ಷಿ ಇದ್ದರೂ.

ಉಳಿದವರದ್ದೆಲ್ಲ ನೀಲಿಯಾಯಿತು. ನನ್ನದು ಬ್ಯೂರೆಟ್ಟು ಖಾಲಿಯಾದರೂ ಕೆಂಪಗೇ ಕೂತಿತ್ತು. ಮತ್ತೆ ತುಂಬಿದೆ. ಕೊನೆಗೂ ನೀಲಿ ಬಂದಾಗ ಲೆಕ್ಕ ಹಾಕಿದರೆ ಲೀಟರಿಗೆ 600 ಮಿಲಿಗ್ರಾಂ ದಾಟಿತ್ತು. ಕುಡಿಯುವ ನೀರಿಗೆ ಅದೇ ಕಡೆಯ ಮಿತಿ. ಅವ್ವ ಬೇಳೆ ಬೇಯುವುದಿಲ್ಲ ಎಂದು ಯಾಕೆ ದಿನಾ ಗೊಣಗುತ್ತಾಳೆ ಎಂಬುದು ಅವತ್ತು ತಿಳಿಯಿತು. ಸವಳು ನೀರು ಅಂತ ನಾವು ಬಾಯಲ್ಲಿ ಅನ್ನುವುದಕ್ಕೆ ಒಂದು ಅಂಕಿ ಸಿಕ್ಕಿತು. ಸಂಶೋಧನೆ ಅನ್ನುವುದು ನನಗೆ ಶುರುವಾಗಿದ್ದು ಅಲ್ಲಿ ಅನಿಸುತ್ತದೆ.

ಮುಂದಿನದ್ದನ್ನು ಬೇಗ ಹೇಳುತ್ತೇನೆ. ಎಂ.ಎಸ್ಸಿ. ಧಾರವಾಡದಲ್ಲಿ. ನೆಟ್ ಪರೀಕ್ಷೆಯಲ್ಲಿ ಎರಡು ಸಲ ಉದುರಿ 2012ರಲ್ಲಿ ಮೂರನೇ ಸಲಕ್ಕೆ ಸಂಶೋಧನೆಗೆ ಸರ್ಕಾರ ಕೊಡುವ ಫೆಲೋಶಿಪ್, ಜೆಆರ್‌ಎಫ್ ಸಿಕ್ಕಿತು. ಆಗ ತಿಂಗಳಿಗೆ 16,000 ರೂಪಾಯಿ. ಈಗಿನವರಿಗೆ 37,000. ಅಪ್ಪನಿಗೆ ಇದು ನಂಬಿಕೆಯೇ ಆಗಲಿಲ್ಲ. "ಸಾಲಿ ಕಲಿಯಾಕ ಅವರ ರೊಕ್ಕ ಕೊಡ್ತಾರ?" ಎಂದು ಊರಲ್ಲಿ ನಾಲ್ಕು ಜನರ ಮುಂದೆ ನನ್ನ ಕೈಲಿ ಹೇಳಿಸಿದರು. ಮದುವೆಯ ಮಾತು ಐದು ವರ್ಷ ಮುಂದೆ ಹೋಗಿದ್ದು ಆ 16,000ದ ಕೃಪೆಯಿಂದ.

ಪಿಎಚ್.ಡಿ. ಬೆಂಗಳೂರಿನಲ್ಲಿ. ವಿಷಯ ಬಂಗಾರದ ನ್ಯಾನೋ ಕಣಗಳು. ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಮಾಡುವ ರೀತಿ ಮಾತ್ರ ಅಡುಗೆಗಿಂತ ಸುಲಭ. 1951ರಲ್ಲಿ ಟರ್ಕೆವಿಚ್ ಮತ್ತು ಜೊತೆಗಾರರು ಹೇಳಿಕೊಟ್ಟ ದಾರಿ. ಬಂಗಾರದ ಉಪ್ಪಿನ ತೆಳು ದ್ರಾವಣ ಕುದಿಸಬೇಕು, ಸೋಡಿಯಂ ಸಿಟ್ರೇಟ್ ಹಾಕಬೇಕು. ನಮ್ಮ ಇಂಡಿ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲದ್ದೇ ಉಪ್ಪು ಅದು. ತೆಳು ಹಳದಿ ಹೋಗಿ ನೀರಿನಂತಾಗುತ್ತದೆ, ಆಮೇಲೆ ಬೂದು, ನೇರಳೆ, ಕೊನೆಗೆ ಕೆಂಪು. ಮೊದಲ ಸಲ ನೋಡಿದಾಗ ಬಾಯಿಂದ ಬಂದದ್ದು "ಅಯ್ಯ, ವೈನ್ ರೆಡ್!" ಅಷ್ಟು ಹೊತ್ತಿಗೆ ವೈನ್ ಹೇಗಿರುತ್ತದೆ ಎಂದು ನೋಡಿಯೂ ಆಗಿತ್ತು.

ಕೆಂಪು ದ್ರಾವಣವನ್ನು ಬಾಟಲಿಗೆ ತುಂಬಿಟ್ಟು ಹಾಸ್ಟೆಲ್ಲಿಗೆ ಹೋದೆ. ಬೆಳಿಗ್ಗೆ ಬಂದರೆ ನೀಲಿ.

ಬಿ.ಎಸ್ಸಿ.ಯಲ್ಲಿ ನೀಲಿ ಬಂದರೆ ಗೆದ್ದಂತೆ. ಇಲ್ಲಿ ನೀಲಿ ಬಂದರೆ ಎಲ್ಲ ಹಾಳು. ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿವೆ ಅಂತ ಅರ್ಥ. ಎರಡು ವಾರ ಹೀಗೇ ಆಯಿತು. ಸಿಟ್ರೇಟ್ ಹೊಸದು ತರಿಸಿದೆ. ಪಿಎಚ್ ಮೀಟರನ್ನು ಬೈದೆ. ಬಂಗಾರದ ಉಪ್ಪು ಒಂದು ಗ್ರಾಂ ತರಿಸಲೂ ಗೈಡ್ ಸಹಿ ಬೇಕು, ಮತ್ತೆ ಕೇಳಲು ನಾಚಿಕೆ. ಅವರು ಏನೂ ಅನ್ನಲಿಲ್ಲ. ಅದೇ ಜಾಸ್ತಿ ಕಷ್ಟ, ಅಲ್ವಾ?

ಒಂದು ಭಾನುವಾರ ಸಿಂಕಿನ ಮುಂದೆ ನಿಂತಿದ್ದಾಗ ಹೊಳೆಯಿತು. ಫ್ಲಾಸ್ಕನ್ನು ಶಾಸ್ತ್ರೋಕ್ತವಾಗಿ ತೊಳೆಯುತ್ತಿದ್ದೆ. ತುಂಬಿಡುವ ಬಾಟಲಿಯನ್ನು ಮಾತ್ರ ಸೋಪು ಹಾಕಿ ನಳದ ಕೆಳಗೆ ಹಿಡಿದು ಮುಗಿಸುತ್ತಿದ್ದೆ. ಬರೀ ಬಾಟಲಿ ತಾನೆ! ತಳದಲ್ಲಿ ಒಂದಿಷ್ಟು ಬೋರ್ ನೀರು ಉಳಿಯುತ್ತಿತ್ತು. ಸ್ವಲ್ಪ ಕೆಂಪು ದ್ರಾವಣ ತೆಗೆದು ನಳದ ನೀರು ಬಿಟ್ಟು ನೋಡಿದೆ. ಕಣ್ಣೆದುರೇ ನೇರಳೆ, ಆಮೇಲೆ ನೀಲಿ. ಸಿಟ್ರೇಟಿನ ಋಣ ಚಾರ್ಜಿನಿಂದಾಗಿ ಕಣಗಳು ಒಂದನ್ನೊಂದು ದೂಡುತ್ತಾ ಬಿಡಿಯಾಗಿ ನಿಂತಿರುತ್ತವೆ. ಉಪ್ಪು ಬಂದರೆ ಆ ಬಲ ಹೋಗುತ್ತದೆ. ಅದರಲ್ಲೂ ಎರಡು ಚಾರ್ಜಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತುಸು ಸಾಕು. ಗಡಸು ನೀರಿನಲ್ಲಿ ಇರುವುದು ಅವೇ. ಇದನ್ನೇ ಹಾರ್ಡಿ-ಶುಲ್ಜ್ ನಿಯಮ ಅಂತ ಎರಡು ಮಾರ್ಕಿಗೆ ಬಾಯಿಪಾಠ ಮಾಡಿದ್ದೆ. ಕಾಕಾ ಬೈದ ದನಿ ಕಿವಿಯಲ್ಲಿ ಕೇಳಿತು.

ಆಮೇಲೆ ಓದಿದಾಗ ಇನ್ನೂ ಮಜಾ. ಮೈಕೆಲ್ ಫ್ಯಾರಡೆ 1857ರಲ್ಲೇ ಈ ಕೆಂಪು ಬಂಗಾರ ಮಾಡಿ, ಉಪ್ಪು ಹಾಕಿದರೆ ನೀಲಿಯಾಗುತ್ತದೆ ಎಂದು ಬರೆದಿಟ್ಟಿದ್ದ. ಅವನು ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದಿಂದ ಬಂದು 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಲ್ಯಾಬ್ ಸಹಾಯಕನಾದವನು. ಅಂದರೆ ಅವನೂ ಶುರುವಿನಲ್ಲಿ ಕಾಕಾನೇ. ಅವನು ಮಾಡಿದ ಕೆಂಪು ದ್ರಾವಣ ಅಲ್ಲಿ ಇವತ್ತಿಗೂ ಕೆಂಪಗೇ ಇದೆ. ನನ್ನದು ಒಂದು ರಾತ್ರಿ ನಿಲ್ಲಲಿಲ್ಲ. ಈ ಕೆಂಪು ನಿಮಗೂ ಗೊತ್ತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ನೋಡುತ್ತಿದ್ದ ಟೆಸ್ಟ್ ಪಟ್ಟಿಗಳಲ್ಲಿ ಎಷ್ಟೋ ಸಲ ಮೂಡುತ್ತಿದ್ದ ಕೆಂಪು ಗೆರೆ ಇದೇ ಬಂಗಾರ.

2013ರ ನವೆಂಬರಿನಲ್ಲಿ ಒಂದು ಸಂಜೆ ಸರ್ ಫೋನ್ ಮಾಡಿದರು. ಸಿ.ಎನ್.ಆರ್. ರಾವ್ ಅವರಿಗೆ ಭಾರತರತ್ನ ಬಂತು ಎಂದು ಖುಷಿಯಲ್ಲಿದ್ದರು. ಅದೇ ದಿನ ಸಚಿನ್‌ಗೂ ಬಂದಿದ್ದರಿಂದ ಊರಲ್ಲೆಲ್ಲ ಕ್ರಿಕೆಟ್ಟಿನದೇ ಮಾತು. "ಒಬ್ಬರರ ಕೆಮಿಸ್ಟ್ರಿ ಅಂತಾರೇನು ನೋಡು" ಎಂದು ಗೊಣಗಿದರು. ರಾವ್ ಬೆಂಗಳೂರಿನವರು, ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಮುಗಿಸಿದಾಗ ವಯಸ್ಸು 17, ಎಂದೆಲ್ಲ ಸರ್ ಮೊದಲಿನಿಂದಲೂ ಹೇಳುತ್ತಿದ್ದರು. ನನಗೆ ಹುಮ್ಮಸ್ಸಿಗಿಂತ ಹೆದರಿಕೆಯೇ ಜಾಸ್ತಿ ಆಗುತ್ತಿತ್ತು. ಈಗ ನನ್ನ ವಿದ್ಯಾರ್ಥಿಗಳಿಗೆ ನಾನು ಬೇರೆ ಕಥೆ ಹೇಳುತ್ತೇನೆ. ನ್ಯಾನೋ ಗಾತ್ರದ ಹರಳುಗಳಾದ ಕ್ವಾಂಟಮ್ ಡಾಟ್‌ಗಳಿಗಾಗಿ 2023ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಬವೆಂಡಿ, ಕಾಲೇಜಿನ ಮೊದಲ ಕೆಮಿಸ್ಟ್ರಿ ಪರೀಕ್ಷೆಯಲ್ಲಿ 100ಕ್ಕೆ 20 ತೆಗೆದಿದ್ದರಂತೆ. ಅವರೇ ಹೇಳಿಕೊಂಡದ್ದು. ಇದಕ್ಕೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ನಮ್ಮ ಬ್ಯಾಚಿನಲ್ಲಿ ಸಂಶೋಧನೆಗೆ ಹೋದವರು ಇಬ್ಬರೇ. ಇನ್ನೊಬ್ಬ ನನಗಿಂತ ಚುರುಕು. ಪಿಎಚ್.ಡಿ. ಮುಗಿಸಿ ವರ್ಷಗಟ್ಟಲೆ ಅತಿಥಿ ಉಪನ್ಯಾಸಕನಾಗಿ ದುಡಿದ. ಹೆಸರಿನಲ್ಲಿ ಅತಿಥಿ, ಉಪಚಾರ ಏನೂ ಇಲ್ಲ. ಈಗ ಹೈದರಾಬಾದಿನ ಔಷಧಿ ಕಂಪನಿಯಲ್ಲಿದ್ದಾನೆ, ಆರಾಮಾಗಿದ್ದಾನೆ. ನಾನು ಎರಡು ವರ್ಷ ಹೊರದೇಶದಲ್ಲಿ ಪಿಎಚ್.ಡಿ. ನಂತರದ ಸಂಶೋಧನೆ, ಅಂದರೆ ಪೋಸ್ಟ್‌ಡಾಕ್ ಮಾಡಿದೆ. ಚಳಿ ಬಿಟ್ಟರೆ ಅಲ್ಲಿಯದು ಹೇಳುವಂಥದ್ದೇನಿಲ್ಲ. ಬಂದ ಮೇಲೆ ಕೆಲಸ ಸಿಗಲು ಮತ್ತೆ ಒಂದೂವರೆ ವರ್ಷ. ಇಂಟರ್‌ವ್ಯೂಗಳಲ್ಲಿ ಕೇಳುವುದು ಪೇಪರ್ ಎಷ್ಟು, ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು, ಎಚ್-ಇಂಡೆಕ್ಸ್ ಎಷ್ಟು. ಅಂದರೆ ನಮ್ಮ ಪೇಪರುಗಳನ್ನು, ಅವು ಬಂದ ಪತ್ರಿಕೆಗಳನ್ನು ಉಳಿದವರು ಎಷ್ಟು ಉಲ್ಲೇಖಿಸಿದ್ದಾರೆ ಅನ್ನುವ ಲೆಕ್ಕ. ಈ ಎಣಿಕೆಯ ಗಡಿಬಿಡಿಯಲ್ಲಿ ನ್ಯಾನೋ ಹೆಸರಿನ ಪೇಪರುಗಳೂ ಸಂತೆಯಂತಾಗಿವೆ. ಬೇವಿನ ಎಲೆಯ ರಸದಲ್ಲಿ ಬೆಳ್ಳಿ ಕಣ, ತುಳಸಿ ರಸದಲ್ಲಿ ಬೆಳ್ಳಿ ಕಣ. ಊರ ಸುತ್ತ ಇನ್ನು ಯಾವ ಗಿಡ ಉಳಿದಿದೆಯೋ! ನಾನೂ ಅಂಥದ್ದೊಂದು ಬರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ. ನನ್ನ ಬಯೋಡಾಟಾದಲ್ಲಿ ಜಾಸ್ತಿ ಜನ ಉಲ್ಲೇಖಿಸಿದ್ದೂ ಅದನ್ನೇ.

ಹೋದ ದೀಪಾವಳಿಗೆ ಊರಿಗೆ ಬಂದಾಗ ಕಾಕಾ ಮನೆಗೆ ಹೋಗಿದ್ದೆ. ನಿವೃತ್ತಿಯಾಗಿ ಬಹಳ ವರ್ಷವಾಗಿದೆ. ಕಣ್ಣು ಮಂದ. ಚಹಾ ಕುಡಿದ ಮೇಲೆ ಪರ್ಸಿನಿಂದ ಸಣ್ಣ ಬಾಟಲಿ ತೆಗೆದು ಕೊಟ್ಟೆ. 20 ಮಿಲಿ ಕೆಂಪು ದ್ರಾವಣ.

"ಏನವಾ ಇದು, ಶರಬತ್ತ?"

"ಬಂಗಾರ, ಕಾಕಾ."

"ಎಷ್ಟ್ ಐತಿ?"

"ಒಂದು ಮಿಲಿಗ್ರಾಂ."

ಕಾಕಾಗೆ ನಗು ತಡೆಯಲಿಲ್ಲ. ಇಷ್ಟು ವರ್ಷ ಓದಿ ಒಂದು ಮಿಲಿಗ್ರಾಮಾ ಎಂದು ಹೆಂಡತಿ ಕಾಕುನ್ನ ಕರೆದು ಹೇಳಿದರು. ಆಮೇಲೆ ಕಿಟಕಿಯ ಹತ್ತಿರ ಹೋಗಿ ಬಾಟಲಿಯನ್ನು ಓರೆ ಮಾಡಿ ಬೆಳಕಿಗೆ ಹಿಡಿದರು. ನೀರು ಇಳಿಯುವುದನ್ನೇ ನೋಡುತ್ತಾ ನಿಂತರು.

"ಬಾಟ್ಲಿ ಯಾರು ತೊಳದಾರ?"

"ನಾನ ತೊಳದೀನಿ, ಕಾಕಾ."

"ಎಷ್ಟ್ ಸಲ?"