ಊರ ಭಟ್ಟಿ: ತಳ ಕರಿಕು, ನೆತ್ತಿ ಬಿಳಿಚು

ಜರ್ಮನಿಯ ಶ್ವಾಬಿಯಾ ಸೀಮೆಯ ನಮ್ಮ ಹಳ್ಳಿಯಲ್ಲಿ ‘ಬಾಕ್‌ಹೌಸ್’, ಅಂದರೆ ಊರಿಗೆಲ್ಲ ಸೇರಿದ ಭಟ್ಟಿಮನೆ, ಇನ್ನೂ ಬಳಕೆಯಲ್ಲಿದೆ. ತಳ ಸೀಯದ ರೈ (ಗೋಧಿಯಂಥ ಒಂದು ಧಾನ್ಯ) ಬ್ರೆಡ್ಡು ಅಲ್ಲಿಂದ ಕಡೆಗೂ ಹೊರಬಂದಿದೆ. ಹುಳಿಹಿಟ್ಟು, ನಾದುವುದು, ಉಬ್ಬಿಸುವುದು ನಿಮಗೆ ತಿಳಿದದ್ದೇ ಆದ್ದರಿಂದ ನೇರವಾಗಿ ಬೆಂಕಿಗೆ ಬರುತ್ತೇನೆ.

ಇಲ್ಲಿ ಬೆಂಕಿಗೂ ಬ್ರೆಡ್ಡಿಗೂ ಒಂದೇ ಗೂಡು. ಪುರಲೆಯ ಹೊರೆಗಳನ್ನು ಒಳಗೇ ಉರಿಸಿ, ಗೂಡಿನ ಚಾವಣಿಯ ಕಮಾನಿಗೆ ಹತ್ತಿದ ಮಸಿ ಸುಟ್ಟುಹೋಗಿ ಕಲ್ಲು ಬೆಳ್ಳಗಾದ ಮೇಲೆ ಕೆಂಡವನ್ನು ಹೊರಗೆಳೆದು, ಒದ್ದೆ ಬಟ್ಟೆ ಸುತ್ತಿದ ಕೋಲಿನಿಂದ ತಳ ಒರೆಸಿ ಬ್ರೆಡ್ಡು ಇಡಬೇಕು. ಒರೆಸಿದೊಡನೆ ನನ್ನ ಇನ್‌ಫ್ರಾರೆಡ್ ಥರ್ಮಾಮೀಟರು 250 ಡಿಗ್ರಿ ಎನ್ನುತ್ತಿತ್ತು. ಆದರೂ ಬ್ರೆಡ್ಡಿನ ತಳ ಇದ್ದಿಲು, ನೆತ್ತಿ ಮಾತ್ರ ಜ್ವರ ಬಂದವರ ಮುಖದಂತೆ ಬಿಳಿಚಿಕೊಂಡಿರುತ್ತಿತ್ತು.

ಆ ಉಪಕರಣ ಸುಳ್ಳಾಡುತ್ತಿರಲಿಲ್ಲ, ಅದಕ್ಕೆ ಕಾಣುವುದೇ ಕಲ್ಲಿನ ಮೇಲ್ಮೈ. ಒರೆಸಿದ ನೀರು ಆವಿಯಾಗುತ್ತ ಮೇಲ್ಮೈಯನ್ನಷ್ಟೇ ತಣಿಸುತ್ತದೆ. ಆಳದಲ್ಲಿರುವ ಶಾಖ ಸ್ವಲ್ಪ ಹೊತ್ತಿನಲ್ಲೇ ಮೇಲೇರಿ, ಅಷ್ಟರಲ್ಲಿ ಒಳಗೆ ಕುಳಿತ ಬ್ರೆಡ್ಡಿನ ಬುಡವನ್ನು ಹಿಡಿಯುತ್ತದೆ. ಇದರ ಜೊತೆಗೆ ಪುರಲೆ ಮಾರುವವನ ಕೃಪೆಯೂ ಇತ್ತು. ‘ಚೆನ್ನಾಗಿ ಒಣಗಿದೆ’ ಎಂದು ಕೊಟ್ಟ ಹೊರೆ ಬಿಚ್ಚಿದರೆ ಒಳಗೆ ಅಣಬೆ. ಬಿಲ್ಲಿನಲ್ಲಿ ಅದಕ್ಕೆ ಬೇರೆ ಬೆಲೆ ಹಾಕಿರಲಿಲ್ಲ ಎಂಬುದೇ ಸಮಾಧಾನ. ಹಸಿ ಪುರಲೆ ಉರಿಯದೆ ಹೊಗೆಯಾಡಿದ್ದರಿಂದ ಕಮಾನು ಕಪ್ಪಾಗಿಯೇ ಉಳಿಯಿತು, ಕೆಂಡ ಮಾತ್ರ ಬಹಳ ಹೊತ್ತು ತಳದ ಮೇಲೆ ಬಿದ್ದುಕೊಂಡಿತು.

ಈ ಸಲ ಒಣ ಪುರಲೆ ತಂದೆ. ಕೆಂಡ ತೆಗೆದು ಒರೆಸಿದ ಮೇಲೆ ಬಾಗಿಲು ಮುಚ್ಚಿ, ತಳದ ಮತ್ತು ಕಮಾನಿನ ಶಾಖ ಸಮನಾಗಲು ಅರ್ಧ ಗಂಟೆ ಬಿಟ್ಟು, ನಂತರವೇ ಅಳೆದೆ. ಮುಂದಿನ ಸರದಿಯ ಅಜ್ಜಿಗೆ ಅಷ್ಟೂ ಬೇಕಿರಲಿಲ್ಲ: ಅವರು ಒಂದು ಚಿಟಿಕೆ ಹಿಟ್ಟು ಎರಚಿ, ಅದು ತಕ್ಷಣ ಕಪ್ಪಾಗದೆ ನಿಧಾನವಾಗಿ ಕಂದುಬಣ್ಣಕ್ಕೆ ತಿರುಗಿದ್ದನ್ನು ನೋಡಿ ‘ಇಡಿ’ ಎಂದರು.

19ನೇ ಶತಮಾನದಲ್ಲಿ ಈ ಭಾಗದ ವುರ್ಟೆಂಬರ್ಗ್ ರಾಜ್ಯದ ಹಳ್ಳಿಗಳಲ್ಲಿ ಇಂಥ ಭಟ್ಟಿಗಳು ಹೆಚ್ಚಿದ್ದು ಸೌದೆಯ ಉಳಿತಾಯಕ್ಕೆ ಮತ್ತು ಮನೆಮನೆಯ ಒಲೆಗಳಿಂದ ಬೆಂಕಿ ಅನಾಹುತವಾಗದಿರಲಿ ಎಂದು. ಸರದಿಯನ್ನು ಚೀಟಿ ಎತ್ತಿ ನಿರ್ಧರಿಸುವುದೂ ಇತ್ತು. ಮೊದಲ ಚೀಟಿ ಬಂದವರು ತಣ್ಣಗಿನ ಭಟ್ಟಿ ಕಾಯಿಸಲು ಎಲ್ಲರಿಗಿಂತ ಹೆಚ್ಚು ಸೌದೆ ಸುಡಬೇಕಾಗಿತ್ತು. ನಮ್ಮಲ್ಲಿ ಈಗ ಚೀಟಿಯಿಲ್ಲ, ಹೊಸಬನಿಗೆ ಮೊದಲ ಸರದಿ ತಾನಾಗಿಯೇ ಬರುತ್ತದೆ.

ಆದ್ದರಿಂದ ಮುಂದಿನ ಯೋಜನೆಗೆ ಕಡೆಯ ಸರದಿಯನ್ನೇ ಕೇಳಿದ್ದೇನೆ. ಬ್ರೆಡ್ಡು ತೆಗೆದ ಮೇಲೆ ಉಳಿಯುವ ಹದವಾದ ಶಾಖದಲ್ಲಿ ಇಲ್ಲಿಯವರು ಪಿಯರ್ ಹಣ್ಣು ಒಣಗಿಸಿ ‘ಹುಟ್ಸೆಲ್’ ಮಾಡುತ್ತಾರೆ. ಅದಕ್ಕೆ ಬೇಕಾದ ಜಾಲರಿ ತಟ್ಟೆಗಳನ್ನು ಹೆಣೆಯಲು ಶುರುಮಾಡಿದ್ದೇನೆ. ಬೆತ್ತವನ್ನು ಬೇರೆ ಅಂಗಡಿಯಿಂದ ತಂದಿದ್ದೇನೆ.